ಗಿಟಾರಿಗೆ ಯಾವ ವೈರು ಒಳ್ಳೆಯದು?

ಪಿಯುಸಿ ಓದುತ್ತಿರುವ ಹುಡುಗನೊಬ್ಬ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ಕೊಂಡು ತಂದ. ನುಡಿಸಲು ಕೂತರೆ ಕರಕರ ಸದ್ದು, ನಡುನಡುವೆ ಪೂರ್ತಿ ಮೌನ. ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ವೈರುಗಳು ಜೀರ್ಣವಾಗಿ, ಬೆಸುಗೆ ಬಿಟ್ಟುಕೊಂಡಿದ್ದವು. ಎಲ್ಲವನ್ನೂ ಹೊಸದಾಗಿ ಹಾಕಲು ಹೊರಟವನಿಗೆ ಗೆಳೆಯರ ಸಲಹೆ: ‘ವಿದೇಶಿ ವೈರೇ ಆಗಬೇಕು. ಆಮ್ಲಜನಕರಹಿತ ತಾಮ್ರ, ಮೇಲೆ ಬೆಳ್ಳಿಯ ಲೇಪ. ನಾದವೇ ಬದಲಾಗಿಬಿಡುತ್ತೆ!’ ಬೆಲೆ ಕೇಳಿ ತಂದೆ ದಂಗಾದರು. ‘ಒಂದು ಮಾರು ವೈರಿಗೆ ಇಷ್ಟು ದುಡ್ಡು ಸುರಿಯಬೇಕೇನ್ರೀ?’ ಎಂದು ನನ್ನನ್ನು ಕೇಳಿದರು.

ಇದಕ್ಕೆ ಉತ್ತರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಓಮನ ನಿಯಮ ಗೊತ್ತಿದ್ದರೆ ಸಾಕು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗವಿರುತ್ತದೆ. ಅಯಸ್ಕಾಂತದ ಸುತ್ತ ಸುಮಾರು 0.06 ಮಿ.ಮೀ. ದಪ್ಪದ, ಅಂದರೆ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ವಿದ್ಯುತ್ಕಾಂತ ಪ್ರೇರಣೆಯೇ ಇದು. ಹುಟ್ಟುವ ವೋಲ್ಟೇಜು ಬಲು ಸಣ್ಣದು, ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಅದು ವಾಲ್ಯೂಮ್ ಮತ್ತು ಟೋನ್ ಕಂಟ್ರೋಲುಗಳನ್ನು ದಾಟಿ, ಜ್ಯಾಕ್ ಮೂಲಕ ಆಂಪ್ಲಿಫೈಯರ್ ಸೇರುತ್ತದೆ. ಇವುಗಳ ನಡುವಿನ ಕೊಂಡಿಗಳೇ ನಮ್ಮ ಹುಡುಗ ಬದಲಿಸಬೇಕಾದ ವೈರುಗಳು.

ಈಗ ಲೆಕ್ಕ ಹಾಕೋಣ. ಒಂಟಿ ಸುರುಳಿಯ ಪಿಕಪ್ಪಿನ ರೋಧವೇ ಸುಮಾರು 6,000 ಓಮ್. ವಾಲ್ಯೂಮ್ ಕಂಟ್ರೋಲಿನದು 2,50,000 ಓಮ್. ಅರ್ಧ ಮಿ.ಮೀ. ದಪ್ಪದ ಸಾಮಾನ್ಯ ತಾಮ್ರದ ವೈರಿನ ರೋಧ ಮೀಟರಿಗೆ 0.08 ಓಮ್ ಮಾತ್ರ. ಗಿಟಾರಿನೊಳಗೆ ಬೇಕಾಗುವುದು ಒಂದು, ಹೆಚ್ಚೆಂದರೆ ಒಂದೂವರೆ ಮೀಟರ್. ಬೆಳ್ಳಿ ತಾಮ್ರಕ್ಕಿಂತ ಒಳ್ಳೆಯ ವಾಹಕ ನಿಜ, ಆದರೆ ನೂರಕ್ಕೆ ಆರು ಪಾಲು ಅಷ್ಟೇ. ಒಂದು ಮೀಟರ್ ವೈರನ್ನು ಅಪ್ಪಟ ಬೆಳ್ಳಿಯಲ್ಲೇ ಮಾಡಿಸಿದರೂ ಉಳಿಯುವುದು 0.005 ಓಮ್. 6,000 ಓಮಿನ ಮುಂದೆ ಅದು ಹನ್ನೆರಡು ಲಕ್ಷದಲ್ಲಿ ಒಂದು ಪಾಲು! ಕೆರೆಯಿಂದ ಒಂದು ಚೊಂಬು ನೀರು ಮೊಗೆದರೆ ಕೆರೆಗೆ ಗೊತ್ತಾಗುವುದೇ? ಆಮ್ಲಜನಕರಹಿತ ತಾಮ್ರದ ಲಾಭ ಇನ್ನೂ ಕಡಿಮೆ.

ಹಳೆಯ ಗಿಟಾರುಗಳಲ್ಲಿದ್ದ ಬಟ್ಟೆ ಹೊದಿಸಿದ ವೈರಿಗೆ ಏನೋ ಮಹಿಮೆ ಇದೆ ಎಂದು ನಂಬುವವರೂ ಇದ್ದಾರೆ. 1954ರಲ್ಲಿ ಪ್ರಸಿದ್ಧ ಸ್ಟ್ರ್ಯಾಟೊಕಾಸ್ಟರ್ ಗಿಟಾರನ್ನು ಹೊರತಂದ ಅಮೆರಿಕದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅಂದಿನ ರೇಡಿಯೋಗಳಲ್ಲಿ ಅಂಥ ವೈರು ಸಾಮಾನ್ಯ. ಗಿಟಾರಿನ ಜ್ಯಾಕ್ ಕೂಡ ಟೆಲಿಫೋನ್ ಎಕ್ಸ್‌ಚೇಂಜುಗಳಿಂದ ಬಂದದ್ದು. ಅವರೆಲ್ಲ ಬಳಸಿದ್ದು ಕೈಗೆ ಸಿಕ್ಕ ಗಟ್ಟಿ ಸಾಮಾನುಗಳನ್ನು.

ಹಾಗಾದರೆ ಯಾವ ವೈರಾದರೂ ನಡೆಯುತ್ತದೆಯೇ? ಇಲ್ಲ. ಆರಿಸುವಾಗ ನೋಡಬೇಕಾದ ಗುಣಗಳು ಬೇರೆ.

ಮೊದಲನೆಯದು ದಪ್ಪ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘7/36’ ವೈರು ಕೇಳಿ. 36ನೇ ಗೇಜಿನ ಏಳು ಎಳೆಗಳನ್ನು ಹೊಸೆದದ್ದು ಎಂದು ಅದರ ಅರ್ಥ. ಗಿಟಾರಿಗೆ ಇದು ಹೇಳಿ ಮಾಡಿಸಿದಂತಿದೆ. ಮನೆಯ ಗೋಡೆಯೊಳಗೆ ಹಾಕುವ ವೈರು ಇಲ್ಲಿಗೆ ತೀರ ದಪ್ಪವಾಯಿತು. ಒಂಟಿ ಎಳೆಯ ವೈರು ಬಗ್ಗಿಸಿದಲ್ಲಿ ನಿಲ್ಲುತ್ತದೆ, ಆದರೆ ಪದೇಪದೇ ಅಲುಗಿದರೆ ತುಂಡಾಗುತ್ತದೆ. ಹಲವು ಎಳೆಯದು ಬಾಳಿಕೆಗೆ ಮೇಲು.

ಎರಡನೆಯದು ಲೋಹ. ತವರದ ಲೇಪವಿರುವ ತಾಮ್ರವಾದರೆ ಬೆಸುಗೆ ಸುಲಭವಾಗಿ ಹಿಡಿಯುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರ ಲೇಪಿಸಿದ ಅಗ್ಗದ ವೈರು ಬೇಡ, ಬೇಗ ಮುರಿಯುತ್ತದೆ. ಮೂರನೆಯದು ಹೊದಿಕೆ. ಪಿವಿಸಿ ಹೊದಿಕೆಗೆ ಬಿಸಿ ತಾಗಿದರೆ ಕರಗಿ ಹಿಂದೆ ಸರಿಯುತ್ತದೆ, ಆದ್ದರಿಂದ ಕೈ ಚುರುಕಾಗಿರಬೇಕು. ಟೆಫ್ಲಾನ್ ಕರಗುವುದಿಲ್ಲ, ಹೊಸಬರಿಗೆ ಅನುಕೂಲ. ಎರಡು ಮೂರು ಬಣ್ಣದ ವೈರು ತಂದರೆ ಗೊಂದಲವಿಲ್ಲ. ಪಿಕಪ್ಪಿನಿಂದ ದೂರದ ಸ್ವಿಚ್ಚಿಗೆ ಹೋಗುವ ಉದ್ದನೆಯ ವೈರಿಗೆ ಮಾತ್ರ ಲೋಹದ ಜಾಲರಿಯುಳ್ಳ ಶೀಲ್ಡೆಡ್ ವೈರು ಬಳಸಿ. ಮನೆಯ 50 ಹರ್ಟ್ಸ್ ವಿದ್ಯುತ್ತಿನಿಂದ ಬರುವ ‘ಗುಂಯ್’ ಸದ್ದು ಕಡಿಮೆಯಾಗುತ್ತದೆ.

ವೈರುಗಳನ್ನು ಕೀಳುವ ಮೊದಲು ಯಾವುದು ಎಲ್ಲಿಗೆ ಹೋಗಿದೆ ಎಂದು ಕಾಗದದ ಮೇಲೆ ಚಿತ್ರ ಬರೆದುಕೊಳ್ಳಿ. ಬೆಸುಗೆಯಲ್ಲಿ ಸೀಸ ಇರುವುದರಿಂದ ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಆಮೇಲೆ ಕೈ ತೊಳೆಯಿರಿ. ಕರಕರ ಸದ್ದಿಗೆ ಅನೇಕ ವೇಳೆ ಕಾರಣ ಕೆಟ್ಟ ಬೆಸುಗೆಯೇ ಹೊರತು ವೈರಲ್ಲ.

ಹಣ ಖರ್ಚು ಮಾಡಲೇಬೇಕೆಂದರೆ ಗಿಟಾರಿನಿಂದ ಆಂಪ್ಲಿಫೈಯರಿಗೆ ಹೋಗುವ ಹೊರಗಿನ ಕೇಬಲ್ಲಿಗೆ ಮಾಡಿ. ಅದರ ಒಂದೊಂದು ಮೀಟರಿಗೂ ಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಆರು ಮೀಟರ್ ಕೇಬಲ್ ಹಾಕಿದರೆ ನಾದದ ತೀಕ್ಷ್ಣತೆ ಕಿವಿಗೆ ಗೊತ್ತಾಗುವಷ್ಟು ಮಂಕಾಗುತ್ತದೆ.

ತಂದೆತಾಯಿಯರು ಗಮನಿಸಬೇಕಾದ ವೈರು ಇನ್ನೊಂದಿದೆ. ಗಿಟಾರಿನ ತಂತಿಗಳಿಗೆ ಆಸರೆಯಾದ ಲೋಹದ ಬ್ರಿಡ್ಜಿಗೆ ಒಳಗಿನಿಂದ ಒಂದು ವೈರು ಬೆಸೆದಿರುತ್ತದೆ. ಅದು ಕೇಬಲ್ಲಿನ ಜಾಲರಿಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಪ್ಲಗ್ಗಿನ ಮೂರನೆಯ ಪಿನ್ನಿಗೆ ಸೇರುತ್ತದೆ. ‘ಗುಂಯ್’ ಸದ್ದು ತಗ್ಗಿಸುವುದು ಅದರ ಕೆಲಸ. ಆದರೆ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದಾಗ ಆಂಪ್ಲಿಫೈಯರಿನೊಳಗೆ ವಿದ್ಯುತ್ ಸೋರಿದರೆ ಅದೇ ದಾರಿಯಲ್ಲಿ ನುಡಿಸುವವರ ಬೆರಳಿಗೇ ಬರುತ್ತದೆ. ಅರ್ತಿಂಗ್ ಇಲ್ಲದ ಉಪಕರಣ ಎಂಥ ಅಪಾಯ ತರಬಲ್ಲದು ಎಂಬುದಕ್ಕೆ ಉದಾಹರಣೆ ಇದೆ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ, ಗಿಟಾರ್ ಹಿಡಿದು ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಕಳೆದುಕೊಂಡರು.

ಆದ್ದರಿಂದ ಮಕ್ಕಳು ಗಿಟಾರ್ ಬಿಚ್ಚಿದರೆ ಗದರಬೇಡಿ. ಕೇಬಲ್ ಕಿತ್ತಿಟ್ಟ ಗಿಟಾರಿನಲ್ಲಿ ಶಾಕ್ ಹೊಡೆಯುವ ವಿದ್ಯುತ್ ಇರುವುದಿಲ್ಲ. ಆಂಪ್ಲಿಫೈಯರನ್ನು ಮಾತ್ರ ಬಿಚ್ಚಲು ಬಿಡಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರಬಹುದು.

ಅಂದು ನಾನು ಆ ತಂದೆಗೆ ಒಂದೇ ಮಾತು ಕೇಳಿದೆ: ‘ನಿಮ್ಮ ಆಂಪ್ಲಿಫೈಯರಿನ ಪ್ಲಗ್ಗಿಗೆ ಎಷ್ಟು ಪಿನ್?’ ಮನೆಗೆ ಹೋಗಿ ನೋಡಿದರು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿ ವರ್ಷವಾಗಿತ್ತಂತೆ! ಭಾನುವಾರ ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಸರಿಮಾಡಿದ. ಹುಡುಗ 7/36 ವೈರು ತಂದು ತಾನೇ ಬೆಸೆದ. ಗಿಟಾರು ಈಗ ಚೆನ್ನಾಗಿ ನುಡಿಯುತ್ತಿದೆ.