ಆಯವ್ಯಯವು ಕೊನೆಯ ಶಾಲೆಯಿಂದ ಆರಂಭವಾಗಲಿ

ಮನೆಯ ಯಜಮಾನನ ವಿವೇಕವು ಪರೀಕ್ಷೆಗೊಳಗಾಗುವುದು ಕಣಜ ತುಂಬಿರುವ ಸುಗ್ಗಿಯಲ್ಲಲ್ಲ, ಕಾಳು ತಳ ಕಂಡ ಆಷಾಢದಲ್ಲಿ. ಇರುವ ಅಲ್ಪವನ್ನು ಯಾರಿಗೆ ಮೊದಲು ಬಡಿಸುತ್ತಾನೆ ಎಂಬುದರಿಂದ ಅವನ ಮನೆತನದ ಹಿರಿಮೆ ತಿಳಿಯುತ್ತದೆ. ಸಾರ್ವಜನಿಕ ಶಿಕ್ಷಣದ ಆಯವ್ಯಯಕ್ಕೂ ಈ ಮಾತು ಸಲ್ಲುತ್ತದೆ. ಹಣ ಸಾಲದು ಎಂಬುದು ಶಿಕ್ಷಣ ಇಲಾಖೆಯ ನಿತ್ಯದ ಅಳಲು. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಆಯೋಗವು (1964-66) ರಾಷ್ಟ್ರೀಯ ವರಮಾನದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಮೀಸಲಿಡಬೇಕೆಂದು ಆಶಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಗುರಿಯನ್ನು ಪುನರುಚ್ಚರಿಸಬೇಕಾಯಿತು. ಅರ್ಧ ಶತಮಾನ ಕಳೆದರೂ ಕೊರತೆ ನೀಗದಿರುವಾಗ, ಕೊರತೆಯೊಳಗೇ ನ್ಯಾಯವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಯನ್ನು ವಿದ್ಯಾಭಿಮಾನಿಗಳು ಎದುರಿಸಲೇಬೇಕು.

ಈ ಪ್ರಶ್ನೆಯನ್ನು ಗ್ರಂಥಾಲಯದಲ್ಲಿ ಕುಳಿತು ಕೇಳುವುದಕ್ಕಿಂತ ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳದಂಥ ಊರಿನಲ್ಲಿ ನಿಂತು ಕೇಳುವುದು ಲೇಸು. ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಈ ಸೀಮೆಯಲ್ಲಿ ಕಾಫಿ, ಏಲಕ್ಕಿ, ಮೆಣಸಿನ ತೋಟಗಳ ನಡುವೆ ಮನೆಗಳು ಚದುರಿಕೊಂಡಿವೆ. ಜೂನ್ ತಿಂಗಳಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಹಳ್ಳ ತುಂಬಿದ ದಿನ ಈಚೆಯ ಮನೆಯ ಮಗುವಿಗೆ ಆಚೆಯ ಶಾಲೆ ಕಾಶಿಯಷ್ಟು ದೂರ. ಸಾಲದ್ದಕ್ಕೆ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಸಂಚಾರವು ಜನಜೀವನದ ಒಂದು ಭಾಗವೇ ಆಗಿಹೋಗಿದೆ. ಮುಂಜಾನೆಯ ಮಂಜಿನಲ್ಲಿ ತೋಟದ ದಾರಿ ಹಿಡಿದು ಮಗುವನ್ನು ಒಂಟಿಯಾಗಿ ಕಳುಹಿಸಲು ಯಾವ ತಾಯಿಗೂ ಧೈರ್ಯ ಸಾಲದು.

ಹಾಸನ ಜಿಲ್ಲೆಯ ಎಂಟು ತಾಲ್ಲೂಕುಗಳಲ್ಲಿ ಮಳೆಗಾಗಿ ಮುಗಿಲು ನೋಡುವ ಅರಸೀಕೆರೆಯೂ ಇದೆ, ಮಳೆಯಲ್ಲಿ ಮುಳುಗೇಳುವ ಸಕಲೇಶಪುರವೂ ಇದೆ. ಆದರೆ ಹಣ ಹಂಚುವ ಅಳತೆಗೋಲು ಎರಡಕ್ಕೂ ಒಂದೇ. ಸಮಗ್ರ ಶಿಕ್ಷಣ ಯೋಜನೆಯ 2021ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಶಾಲೆಯ ವಾರ್ಷಿಕ ಅನುದಾನವು ದಾಖಲಾತಿಯನ್ನು ಅವಲಂಬಿಸಿದೆ. 30 ಮಕ್ಕಳವರೆಗಿನ ಶಾಲೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ಲೆಕ್ಕಿಗನ ಕಣ್ಣಿಗೆ ಇದು ಸಣ್ಣ ಶಾಲೆಗೆ ತೋರಿದ ಔದಾರ್ಯವಾಗಿಯೇ ಕಂಡೀತು. ಸಾವಿರ ಮಕ್ಕಳ ಶಾಲೆಗೆ ತಲೆಗೆ 75 ರೂಪಾಯಿ ಬಿದ್ದರೆ, ಇಪ್ಪತ್ತು ಮಕ್ಕಳ ಶಾಲೆಗೆ ತಲೆಗೆ 500 ರೂಪಾಯಿ ಬಿತ್ತಲ್ಲವೆ ಎಂದು ಕೇಳಿಯಾರು. ಆದರೆ ಮಕ್ಕಳು ಕಡಿಮೆಯಾದರೆಂದು ಮಾಡು ಕುಗ್ಗುವುದಿಲ್ಲ. ಹೆಂಚು ಸರಿಪಡಿಸುವ, ಮರದ ಪಕ್ಕಾಸು ಬದಲಿಸುವ, ಪಾಚಿಗಟ್ಟಿದ ಗೋಡೆಗೆ ಸುಣ್ಣ ಕಾಣಿಸುವ ವೆಚ್ಚ ಇಪ್ಪತ್ತು ಮಕ್ಕಳಿಗೂ ಅಷ್ಟೇ, ಅರವತ್ತಕ್ಕೂ ಅಷ್ಟೇ. ಸೀಮೆಸುಣ್ಣ, ವಿದ್ಯುತ್ತು, ಶೌಚಾಲಯದ ನೈರ್ಮಲ್ಯ ಎಲ್ಲವನ್ನೂ ಅದೇ ಹತ್ತು ಸಾವಿರದಲ್ಲಿ ನಿಭಾಯಿಸಬೇಕು. ತಲೆಯೆಣಿಕೆಯ ಸೂತ್ರಕ್ಕೆ ಮಳೆ ಕಾಣುವುದಿಲ್ಲ, ದೂರ ಕಾಣುವುದಿಲ್ಲ, ಆನೆಯೂ ಕಾಣುವುದಿಲ್ಲ.

ಮೊತ್ತದಷ್ಟೇ ಮುಖ್ಯವಾದುದು ಕಾಲ. ಆರ್ಥಿಕ ವರ್ಷ ಆರಂಭವಾಗುವುದು ಏಪ್ರಿಲ್ 1ರಂದು. ಮುಂಗಾರು ಘಟ್ಟ ಹತ್ತುವುದು ಜೂನ್ ಮೊದಲ ವಾರದ ಸುಮಾರಿಗೆ. ಮಲೆನಾಡಿನ ಶಾಲೆಗೆ ಮಾಡು ಸರಿಪಡಿಸಿಕೊಳ್ಳಲು ಇರುವ ಅವಕಾಶ ಈ ಎರಡು ತಿಂಗಳು ಮಾತ್ರ. ಮಂಜೂರಾತಿ, ಬಿಡುಗಡೆ, ಕಂತು ಎಂದು ಅಲೆದು ದೀಪಾವಳಿಯ ಹೊತ್ತಿಗೆ ಬಂದ ಹಣವು ಆ ವರ್ಷದ ಮಗುವಿನ ತಲೆಯ ಮೇಲೆ ಹನಿದ ನೀರನ್ನು ತಡೆಯಲಾರದು. ಬಯಲುಸೀಮೆಯಲ್ಲಿ ತಡವಾದ ಹಣವೂ ಹಣವೇ. ಮಲೆನಾಡಿನಲ್ಲಿ ತಡವಾದ ಹಣ ಅರ್ಧ ಹಣ. ಆದುದರಿಂದ ಮಳೆನಾಡಿನ ತಾಲ್ಲೂಕುಗಳ ದುರಸ್ತಿಯ ಬಾಬನ್ನು ಏಪ್ರಿಲ್ ತಿಂಗಳಲ್ಲೇ ಪ್ರತ್ಯೇಕವಾಗಿ ಬಿಡುಗಡೆ ಮಾಡುವುದು ಒಂದು ರೂಪಾಯಿಯ ಹೆಚ್ಚಿನ ವೆಚ್ಚವಿಲ್ಲದೆ ಸಾಧಿಸಬಹುದಾದ ಸುಧಾರಣೆ.

ಜಿಲ್ಲಾ ಮಟ್ಟದಲ್ಲಿ ಇಂಥ ಮಾತನ್ನು ಎತ್ತಿ ಹೇಳುವವರು ಯಾರು? ಅಬ್ದುಲ್ ನಜೀರ್ ಸಾಬರ ಪರಿಶ್ರಮದಿಂದ ರೂಪುಗೊಂಡ 1983ರ ಕಾಯಿದೆಯ ಫಲವಾಗಿ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ, ಊರಿನ ಶಾಲೆಯ ಕಷ್ಟ ಊರಿನವರ ಪ್ರತಿನಿಧಿಗಳ ಬಾಯಲ್ಲಿ ನುಡಿಯಬೇಕೆಂಬುದೇ ಆಶಯವಾಗಿತ್ತು. ಆದರೆ ಜಿಲ್ಲೆಗೆ ಬರುವ ಶಿಕ್ಷಣದ ಹಣದಲ್ಲಿ ಸಿಂಹಪಾಲು ವೇತನದ್ದು. ಅದನ್ನು ಯಾರೂ ಅತ್ತಿತ್ತ ಸರಿಸುವಂತಿಲ್ಲ. ಉಳಿದ ಕಿಂಚಿತ್ತೂ ಹೆಸರು ಹಚ್ಚಿದ ಬಾಬುಗಳಲ್ಲೇ ಬರುತ್ತದೆ. ಮೇಲಾಗಿ, 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಯಲ್ಲೇ ಕಾರುಬಾರು ಸಾಗಿತು. ಅಧಿಕಾರಿಗಳು ಪ್ರಾಮಾಣಿಕರಿರಬಹುದು, ದಕ್ಷರೂ ಇರಬಹುದು. ಆದರೆ ಹಳ್ಳದ ಆಚೆಯ ಮನೆಯವರು ಅವರನ್ನು ತಡೆದು ನಿಲ್ಲಿಸಿ ಲೆಕ್ಕ ಕೇಳಲಾರರು.

ಹಣ ಮುಗ್ಗಟ್ಟಾದಾಗ ಮೊದಲು ಹೊಳೆಯುವ ಉಪಾಯವೆಂದರೆ ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡದರಲ್ಲಿ ವಿಲೀನಗೊಳಿಸುವುದು. ಇದನ್ನು ಬರಿಯ ಭಾವಾವೇಶದಿಂದ ತಳ್ಳಿಹಾಕುವುದು ಸರಿಯಲ್ಲ. ಐದಾರು ಮಕ್ಕಳು, ಐದು ತರಗತಿ, ಒಬ್ಬರೇ ಶಿಕ್ಷಕರು ಎಂಬ ಸ್ಥಿತಿಯಲ್ಲಿ ಮಗುವಿಗೆ ದೊರೆಯುವ ಪಾಠವೂ ಅಲ್ಪ, ಒಡನಾಟವೂ ಅಲ್ಪ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೂ ಇಬ್ಬರು ಶಿಕ್ಷಕರಿರಬೇಕೆಂದು ವಿಧಿಸಿದೆ. ಅವರಲ್ಲೊಬ್ಬರು ರಜೆಯ ಮೇಲೋ ತರಬೇತಿಗೋ ತೆರಳಿದರೆ ಉಳಿದವರ ಪಾಡು ಹೇಳತೀರದು. ಆದರೆ ಮುಚ್ಚುವುದರಿಂದ ಉಳಿತಾಯವಾಯಿತೆಂದು ಬರೆಯುವ ಲೆಕ್ಕದಲ್ಲಿ ಒಂದು ಕಲಮು ತಪ್ಪಿಹೋಗುತ್ತದೆ. ಸರ್ಕಾರ ಉಳಿಸಿದ ವೆಚ್ಚವನ್ನು ಕೂಲಿಯವರ ಮನೆ ಭರಿಸುತ್ತದೆ. ಮಗುವನ್ನು ಮುಟ್ಟಿಸಲು ತಂದೆ ಅರ್ಧ ದಿನದ ಕೂಲಿ ಬಿಡಬೇಕು. ಇಲ್ಲವೆ ಹೆಣ್ಣುಮಗು ಶಾಲೆ ಬಿಡಬೇಕು. ಕರ್ನಾಟಕದ ನಿಯಮಗಳಂತೆ ಕಿರಿಯ ಪ್ರಾಥಮಿಕ ಶಾಲೆ 1 ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಶಾಲೆ 3 ಕಿಲೋಮೀಟರಿನೊಳಗೆ ಇರಬೇಕು. ನಕಾಶೆಯ ಮೇಲಿನ ಒಂದು ಕಿಲೋಮೀಟರು ಬೇರೆ, ತುಂಬಿದ ಹಳ್ಳವನ್ನು ಬಳಸಿ ನಡೆಯುವ ಒಂದು ಕಿಲೋಮೀಟರು ಬೇರೆ.

ಹೀಗಾಗಿ ಮಲೆನಾಡಿಗೆ ಸಲ್ಲುವ ನಿಯಮ ಸರಳವಾದುದು: ಮೊದಲು ವಾಹನ, ಆಮೇಲೆ ವಿಲೀನ. ಸಮಗ್ರ ಶಿಕ್ಷಣದಲ್ಲಿ ದೂರದ ಮಗುವಿನ ಸಾಗಾಟಕ್ಕೆ ವರ್ಷಕ್ಕೆ 6,000 ರೂಪಾಯಿಯವರೆಗೆ ಅವಕಾಶವಿದೆ. ಆ ಮೊತ್ತದಲ್ಲಿ ಘಟ್ಟದ ದಾರಿಗೆ ಜೀಪು ಒದಗದಿದ್ದರೆ, ಉಳಿತಾಯವೆಂದು ತೋರಿಸಿದ ಹಣದಿಂದಲೇ ಅದನ್ನು ತುಂಬಿಕೊಡಬೇಕು; ತುಂಬಲಾಗದಿದ್ದರೆ ಆ ಶಾಲೆಯನ್ನು ಮುಚ್ಚಬಾರದು. ಮುಚ್ಚದೆ ಉಳಿಸಿದ ಶಾಲೆಗಳಿಗೆ ಕೊಠಾರಿ ಆಯೋಗವು ಸೂಚಿಸಿದ ಶಾಲಾ ಸಂಕುಲದ ಮಾರ್ಗವಿದೆ. ನಾಲ್ಕಾರು ಶಾಲೆಗಳು ಒಂದು ಕೇಂದ್ರ ಶಾಲೆಯನ್ನು ಆಶ್ರಯಿಸಿ ವಿಜ್ಞಾನದ ಉಪಕರಣ, ಪುಸ್ತಕ, ಆಟದ ಸಾಮಗ್ರಿ ಹಾಗೂ ಒಬ್ಬ ಸಂಚಾರಿ ಶಿಕ್ಷಕರನ್ನು ಹಂಚಿಕೊಳ್ಳಬಹುದು. ಹೊಸ ನೀತಿಯೂ ಇದನ್ನು ಎತ್ತಿಹಿಡಿದಿದೆ.

ಮಠದ ಶಾಲೆಗೂ ಈ ಚರ್ಚೆಗೂ ಸಂಬಂಧವೇನೆಂದು ಕೆಲವರು ಶಂಕಿಸಬಹುದು. ಸಂಬಂಧ ನಿಕಟವಾದುದು. ಸರ್ಕಾರದ ಕಿರಿಯ ಶಾಲೆ ಬತ್ತಿದರೆ ಮಠದ ಪ್ರೌಢಶಾಲೆಗೆ ಮಕ್ಕಳು ಬರುವುದಾದರೂ ಎಲ್ಲಿಂದ? ಇನ್ನು ದಾನದ ವಿಷಯ. ಶರಣರು ಬೋಧಿಸಿದ ದಾಸೋಹದಲ್ಲಿ ಕೊಟ್ಟವನ ಹೆಸರಿಗಿಂತ ಉಂಡವನ ಹಸಿವು ದೊಡ್ಡದು. ಆದರೆ ಇಂದಿನ ದಾನವು ಹೆಚ್ಚಾಗಿ ಕಟ್ಟಡವನ್ನೂ ಅಮೃತಶಿಲೆಯ ಫಲಕವನ್ನೂ ಹುಡುಕುತ್ತದೆ. ಕೊಠಡಿ ಕಟ್ಟಿಸಲು ಮುಂದೆ ಬರುವವರಿದ್ದಾರೆ. ಆ ಕೊಠಡಿಯ ಹೆಂಚು ವರ್ಷವರ್ಷವೂ ಸರಿಪಡಿಸಲು ಬರುವವರು ವಿರಳ. ಹಿಂದಿನವರ ದೃಷ್ಟಿ ಬೇರೆಯಾಗಿತ್ತು. 1906ರಲ್ಲಿ ಕಾಲವಾದ ಶಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. ಆ ಭೂಮಿಯ ಉತ್ಪನ್ನವು ಪೀಳಿಗೆಗಳ ಓದಿಗೆ ಆಸರೆಯಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಧನಿಕರಾಗಿರಲಿಲ್ಲ, ಅಧ್ಯಾಪಕರಾಗಿದ್ದರು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳ (1907-2019) ಕಾಲದಲ್ಲಿ ಸಹಸ್ರಾರು ಮಕ್ಕಳಿಗೆ ನಿತ್ಯ ಅನ್ನ ದೊರೆತದ್ದು ಒಂದು ದಿನದ ಮಹಾದಾನದಿಂದಲ್ಲ. ರೈತರು ಸುಗ್ಗಿಸುಗ್ಗಿಗೂ ತಂದೊಪ್ಪಿಸಿದ ಧಾನ್ಯದಿಂದ.

ಅದೇ ಮಾದರಿಯಲ್ಲಿ ಮಲೆನಾಡಿನ ಹಳೆಯ ವಿದ್ಯಾರ್ಥಿಗಳು ಮೂರು ಸಣ್ಣ ನಿಧಿಗಳನ್ನು ಕಟ್ಟಬಹುದು: ಏಪ್ರಿಲ್ ತಿಂಗಳಲ್ಲೇ ಒದಗುವ ಮಾಡಿನ ನಿಧಿ, ಮಳೆಗಾಲದ ನಾಲ್ಕು ತಿಂಗಳ ವಾಹನದ ನಿಧಿ, ಸಂಚಾರಿ ಶಿಕ್ಷಕರ ಗೌರವಧನದ ನಿಧಿ. ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ನಡೆಯುವಂತೆ ಇದ್ದರೆ ಲೇಸು. ಇದು ಸರ್ಕಾರದ ಹೊಣೆಯನ್ನು ಇಳಿಸುವ ಉಪಾಯವಾಗಕೂಡದು. ದಾನಿ ಕೊಟ್ಟ ರೂಪಾಯಿಯ ನೆಪದಿಂದ ಸರ್ಕಾರ ತನ್ನ ರೂಪಾಯಿಯನ್ನು ಹಿಂತೆಗೆದರೆ ದಾನ ವ್ಯರ್ಥ. ಆದುದರಿಂದ ಶಾಲಾಭಿವೃದ್ಧಿ ಸಮಿತಿಯು ಬಂದ ಹಣ, ಬರಬೇಕಾಗಿದ್ದ ಹಣ, ಬಂದ ತಾರೀಖು ಈ ಮೂರನ್ನೂ ಗೋಡೆಯ ಮೇಲೆ ಬರೆದು ತೂಗುಹಾಕಲಿ. ಮಠದ ಸಂಸ್ಥೆಗಳೂ ತಮ್ಮ ಆಯವ್ಯಯವನ್ನು ಇಂಥ ಸಂಚಿಕೆಗಳಲ್ಲಿ ಪ್ರಕಟಿಸಿ ಮೇಲ್ಪಂಕ್ತಿ ಹಾಕಲಿ. ಲೆಕ್ಕ ಒಪ್ಪಿಸುವುದೂ ಕಾಯಕದ ಒಂದು ಅಂಗವೇ.

ಆಯವ್ಯಯದ ಹಾಳೆಯನ್ನು ಜಿಲ್ಲಾ ಕೇಂದ್ರದಿಂದ ಕೆಳಗೆ ಬರೆಯುತ್ತ ಹೋದರೆ ಹೊಂಗಡಹಳ್ಳ ತಲುಪುವ ಹೊತ್ತಿಗೆ ಹಣವೂ ಮುಗಿದಿರುತ್ತದೆ, ಕನಿಕರವೂ ಮುಗಿದಿರುತ್ತದೆ. ಕೊನೆಯ ಶಾಲೆಯಿಂದ ಬರೆಯತೊಡಗಿದರೆ ನಗರದ ದೊಡ್ಡ ಶಾಲೆಗಳಿಗೆ ಕೊಂಚ ಕೊರತೆಯಾದೀತು. ಅವರು ಅದನ್ನು ತಾಳಿಕೊಂಡಾರು. ಘಟ್ಟದ ಮಗುವಿಗೆ ತಾಳಿಕೊಳ್ಳಲು ಉಳಿದಿರುವುದು ಬಲು ಕಡಿಮೆ.