ಹೆಸರು ಅವರದು, ಬರಹ ನಿಮ್ಮದು, ಹಕ್ಕು ಯಾರದು?

ಸ್ಟಾರ್ಟಪ್ ಸ್ಥಾಪಕರ ಲಿಂಕ್ಡ್‌ಇನ್ ಪೋಸ್ಟ್‌ಗಳನ್ನು ಬೇರೆ ಯಾರೋ ಬರೆದುಕೊಡ್ತಾರೆ ಅನ್ನೋದು ಬೆಂಗಳೂರಿನಲ್ಲಿ ಗುಟ್ಟೇನಲ್ಲ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮೊದಲು ಕೇಳೋದು ರೇಟು. ಕರಾರು ಓದೋದು ಆಮೇಲೆ, ಓದಿದರೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರಿಯಲ್ಲಿಲ್ಲದೆ ಬಿಡಿಯಾಗಿ ಬರೆದುಕೊಟ್ಟರೆ ಸಾಮಾನ್ಯವಾಗಿ ಮೊದಲ ಹಕ್ಕುದಾರರು ಬರೆದವರೇ. ಹಕ್ಕು ಬಿಟ್ಟುಕೊಡಲು ಸಹಿ ಮಾಡಿದ ಲಿಖಿತ ಕರಾರು ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಅಂತಲೇ ಲೆಕ್ಕ.

1987ರಲ್ಲಿ ಟ್ರಂಪ್‌ಗಾಗಿ 'ದಿ ಆರ್ಟ್ ಆಫ್ ದಿ ಡೀಲ್' ಬರೆದ ಟೋನಿ ಶ್ವಾರ್ಟ್ಸ್‌ಗೆ ರಾಯಲ್ಟಿಯಲ್ಲಿ ಅರ್ಧ ಪಾಲು ಸಿಕ್ಕಿತ್ತು, ಮುಖಪುಟದಲ್ಲಿ ಹೆಸರೂ ಇತ್ತು. (ಬರೆದಿದ್ದಕ್ಕೆ 2016ರಲ್ಲಿ ಪಶ್ಚಾತ್ತಾಪಪಟ್ಟರು, ಅದು ಬೇರೆ ಕತೆ.) ನಮ್ಮ ಹುಡುಗರು ಗೌಪ್ಯತೆ ಕರಾರಿಗೆ ಸಹಿ ಹಾಕಿದ ಮೇಲೆ ಮುಂದಿನ ಗಿರಾಕಿಗೆ ತೋರಿಸೋಕೆ ಒಂದು ಸಾಲೂ ಇರಲ್ಲ. ಎರಡು ಬರಹಗಳನ್ನಾದರೂ ಮಾದರಿಯಾಗಿ ತೋರಿಸಲು ಅನುಮತಿ, ಅರ್ಧ ಹಣ ಮುಂಗಡ: ಇವಿಷ್ಟನ್ನು ಸಹಿಗೆ ಮೊದಲೇ ಬರೆಸಿಕೊಳ್ಳಿ.