ಊರಿನ ಹೆಸರು ಬದಲಾದಾಗ ಪುಟಗಳ ಪಾಡು

ನಾಶಿಕದಿಂದ ಪುಣೆಯ ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಸಿನ್ನರ್. ಯಾದವರ ಕಾಲದ ಗೋಂದೇಶ್ವರ ದೇವಾಲಯ, ಬೀಡಿ ಕಟ್ಟುವ ಮನೆಗಳು, ಊರಾಚೆಗೆ ಕೈಗಾರಿಕಾ ಪ್ರದೇಶ. ಇಲ್ಲಿಯ ಹುಡುಗಿಯೊಬ್ಬಳು ಪದವಿ ಓದಲು ಹೊರಟಳೆನ್ನಿ. ಊರಿನ ಕಾಲೇಜು ಸೇರಿದರೆ ಅವಳ ವಿಶ್ವವಿದ್ಯಾಲಯ ಪುಣೆಯದು. ದುಡಿಯುತ್ತಲೇ ಓದುತ್ತೇನೆಂದರೆ ನಾಶಿಕದಲ್ಲೇ 1989ರಲ್ಲಿ ಹುಟ್ಟಿದ ಯಶವಂತರಾವ್ ಚವ್ಹಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯವಿದೆ. ಯಾವುದನ್ನು ಆರಿಸಿದರೂ ಅವಳ ಮೊದಲ ಭೇಟಿ ಕಟ್ಟಡದೊಂದಿಗಲ್ಲ, ಫೋನಿನ ಪರದೆಯೊಂದಿಗೆ. ಶುಲ್ಕ ಎಷ್ಟು, ಕೊನೆಯ ದಿನ ಯಾವಾಗ, ಹತ್ತಿರದ ಕೇಂದ್ರ ಎಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗಬೇಕು.

ದೊಡ್ಡ ವಿಶ್ವವಿದ್ಯಾಲಯವೆಂದರೆ ಒಂದು ಜಾಲತಾಣವಲ್ಲ, ಹತ್ತಾರು. ಪ್ರವೇಶ ವಿಭಾಗಕ್ಕೆ ಒಂದು, ಪರೀಕ್ಷಾ ವಿಭಾಗಕ್ಕೆ ಇನ್ನೊಂದು, ಗ್ರಂಥಾಲಯಕ್ಕೆ, ಪ್ರತಿ ಅಧ್ಯಯನ ವಿಭಾಗಕ್ಕೆ, ವಿಭಾಗೀಯ ಕೇಂದ್ರಗಳಿಗೆ ಬೇರೆ ಬೇರೆ. ಕೊನೆಯ ದಿನಾಂಕ ಇವೆಲ್ಲ ಕಡೆ ಬೇಕು. ಬೇಕಾದವರು ನಕಲು ಮಾಡಿ ಅಂಟಿಸಿಕೊಳ್ಳುತ್ತಾರೆ. ಆ ಕ್ಷಣದಿಂದ ಒಂದು ದಿನಾಂಕ ಹತ್ತು ದಿನಾಂಕವಾಗಿರುತ್ತದೆ. ಮೂಲ ಮುಂದಕ್ಕೆ ಹೋದರೂ ನಕಲುಗಳು ಇದ್ದಲ್ಲೇ ಇರುತ್ತವೆ. ವಿದ್ಯಾರ್ಥಿಗೆ ಸಿಗುವುದು ಯಾವುದು ಎಂಬುದು ಹುಡುಕು ಯಂತ್ರದ ದಯೆ.

ಇದು ಎಷ್ಟು ದೊಡ್ಡ ಕೆಲಸ ಎಂಬುದು ಹೆಸರು ಬದಲಾದಾಗ ಗೊತ್ತಾಗುತ್ತದೆ, ಮತ್ತು ಮಹಾರಾಷ್ಟ್ರದ ಈ ಭಾಗಕ್ಕೆ ಹೆಸರು ಬದಲಾಗುವುದು ಹೊಸತಲ್ಲ. ಮಲಿಕ್ ಅಂಬರ್ 1610ರಲ್ಲಿ ಕಟ್ಟಿದ ಖಡ್ಕಿ ಮುಂದೆ ಫತೇನಗರವಾಯಿತು, ಆಮೇಲೆ ಔರಂಗಾಬಾದ್ ಆಯಿತು. 2023ರಲ್ಲಿ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರ. ಪುಣೆ ವಿಶ್ವವಿದ್ಯಾಲಯ 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರು ಪಡೆಯಿತು. ಅದರ ವ್ಯಾಪ್ತಿಯ ಅಹಮದ್‌ನಗರ ಜಿಲ್ಲೆ 2024ರಲ್ಲಿ ಅಹಿಲ್ಯಾನಗರವಾಯಿತು. ಇಂಥ ಪ್ರತಿ ಆದೇಶದ ಮರುದಿನ ಯಾರೋ ಒಬ್ಬ ಗುಮಾಸ್ತ ಅಥವಾ ಗುತ್ತಿಗೆಯ ಹುಡುಗ ಪುಟಪುಟ ತೆರೆದು ವಿಳಾಸ ತಿದ್ದಬೇಕು. ಹೆಸರೆಂದರೆ ಬರೀ ವಿಳಾಸವೂ ಅಲ್ಲ. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಲು ವಿಧಾನಮಂಡಲ ನಿರ್ಣಯ ಮಾಡಿದ್ದು 1978ರಲ್ಲಿ, ಹೆಸರು ಬಂದದ್ದು 1994ರ ಜನವರಿ 14ರಂದು. ನಡುವಿನ 16 ವರ್ಷಗಳಲ್ಲಿ ದಲಿತರ ಮನೆಗಳು ಸುಟ್ಟವು, ಜೀವಗಳು ಹೋದವು. ಅಂಥ ಹೆಸರು ಯಾವುದೋ ಮೂಲೆಯ ಪುಟದಲ್ಲಿ ಹಳೆಯ ರೂಪದಲ್ಲೇ ಉಳಿದರೆ ಅದನ್ನು ಕಣ್ತಪ್ಪು ಎಂದು ಎಲ್ಲರೂ ಒಪ್ಪಲಾರರು.

ತಂತ್ರಜ್ಞರ ಬಳಿ ಇದಕ್ಕೆ ಹಳೆಯ ಉತ್ತರವಿದೆ: ವಿಷಯವನ್ನು ಒಂದೇ ಕಡೆ ಬರೆದಿಡಿ, ಬೇಕಾದ ಪುಟಗಳು ಅಲ್ಲಿಂದ ಎಳೆದುಕೊಳ್ಳಲಿ. ವರ್ಡ್‌ಪ್ರೆಸ್, ಡ್ರೂಪಲ್ ಎರಡರಲ್ಲೂ ಇಂಥ ಮರುಬಳಕೆಯ ತುಣುಕುಗಳಿಗೆ ಅವಕಾಶವಿದೆ. 2012ರಲ್ಲಿ ಶುರುವಾದ ವಿಕಿಡೇಟಾ ಕೂಡ ಇದೇ ತತ್ವದ್ದು. ಒಂದು ಊರಿನ ಜನಸಂಖ್ಯೆಯನ್ನು ಅಲ್ಲಿ ತಿದ್ದಿದರೆ ಅದನ್ನು ಬಳಸುವ ಎಲ್ಲ ಭಾಷೆಗಳ ಪುಟಗಳಲ್ಲೂ ತಿದ್ದಿದಂತೆ. ಆದರೆ ಈ ಉಪಾಯ ಸಲೀಸಾಗಿ ಒಗ್ಗುವುದು ಇಂಗ್ಲಿಷಿನಂಥ ಭಾಷೆಗೆ. ಅಲ್ಲಿ ಊರಿನ ಹೆಸರನ್ನು ಕಿತ್ತು ಇನ್ನೊಂದನ್ನು ಇಟ್ಟರೆ ಅಕ್ಕಪಕ್ಕದ ಪದಗಳು ಅಲುಗಾಡುವುದಿಲ್ಲ.

ನಮ್ಮ ಭಾಷೆಗಳಲ್ಲಿ ಅಲುಗಾಡುತ್ತವೆ. ಬೆಂಗಳೂರಿನಲ್ಲಿ, ಕಲಬುರಗಿಯಲ್ಲಿ, ನಾಶಿಕದಲ್ಲಿ, ಸಿನ್ನರ್‌ನಲ್ಲಿ: ನಾಲ್ಕು ಊರು, ನಾಲ್ಕು ಬಗೆಯ ಜೋಡಣೆ. ‘ಗುಲ್ಬರ್ಗದಲ್ಲಿ’ ಎಂಬಲ್ಲಿ ಹೆಸರನ್ನಷ್ಟೇ ಬದಲಿಸಿದರೆ ‘ಕಲಬುರಗಿದಲ್ಲಿ’ ಎಂದಾಗುತ್ತದೆ. ಮರಾಠಿಯ ಪಾಡು ಇನ್ನೂ ಕಷ್ಟದ್ದು. ಪ್ರತ್ಯಯ ಹತ್ತುವ ಮೊದಲೇ ಪುಣೆಯ ರೂಪ ಬದಲಾಗಿ ‘ಪುಣ್ಯಾತ್’, ‘ಪುಣ್ಯಾಲಾ’ ಎಂದಾಗುತ್ತದೆ. (ಕನ್ನಡದವರಿಗೆ ಇದು ಪುಣ್ಯ ಸಂಪಾದನೆಯಂತೆ ಕೇಳಿಸಬಹುದು.) ಬ್ಯಾಂಕಿನ, ರೈಲಿನ ಆ್ಯಪ್‌ಗಳಲ್ಲಿ ‘ಮೈಸೂರು ನಿಂದ’, ‘ಹುಬ್ಬಳ್ಳಿ ಗೆ’ ಎಂಬಂಥ ಕನ್ನಡ ಕಂಡು ಮುಖ ಸಿಂಡರಿಸಿದವರಿಗೆ ಕಾರಣ ಗೊತ್ತಿರಲಿ: ವಾಕ್ಯದಲ್ಲಿ ತೂತು ಕೊರೆದು ಹೆಸರನ್ನು ತುರುಕಿದ ಕೆಲಸ ಅದು. ಅನುವಾದಕರನ್ನು ಬೈದು ಪ್ರಯೋಜನವಿಲ್ಲ. ಅವರ ಕೈಗೆ ಬಂದದ್ದೇ ತೂತು ಬಿದ್ದ ವಾಕ್ಯ.

ಆದ್ದರಿಂದ ಭಾರತೀಯ ಭಾಷೆಗಳಲ್ಲಿ ಮರುಬಳಕೆಯ ತುಣುಕು ಪದವಾಗಿರಕೂಡದು, ಪೂರ್ತಿ ವಾಕ್ಯವಾಗಿರಬೇಕು. ಶುಲ್ಕ, ದಿನಾಂಕ, ದೂರವಾಣಿಯಂಥವು ವಾಕ್ಯದ ಗೊಡವೆಯಿಲ್ಲದೆ ಕೋಷ್ಟಕದಲ್ಲಿ ಕೂರಲಿ: ‘ಸ್ಥಳ: ಸಿನ್ನರ್’ ಎಂದರೆ ಪ್ರತ್ಯಯದ ಜಗಳವೇ ಇಲ್ಲ. ವಿವರಣೆ ಬೇಕಾದಲ್ಲಿ ಇಡೀ ಪ್ಯಾರಾವನ್ನು ಪ್ರತಿ ಭಾಷೆಯಲ್ಲೂ ಭಾಷೆ ಬಲ್ಲವರು ಒಮ್ಮೆ ಬರೆದಿಡಲಿ. ಇದರಿಂದ ತುಣುಕುಗಳ ಸಂಖ್ಯೆ ಹೆಚ್ಚುತ್ತದೆ, ಖರ್ಚೂ ಸ್ವಲ್ಪ ಹೆಚ್ಚುತ್ತದೆ. ಹೆಚ್ಚಲಿ.

ಎಲ್ಲವೂ ಒಂದೇ ಕಡೆ ಎಂದರೆ ವಿಭಾಗಗಳು ಸಿಡುಕುತ್ತವೆ. ಅವರ ಸಿಡುಕಿನಲ್ಲಿ ಅರ್ಥವಿದೆ. ಅಲ್ಪವಿರಾಮ ತಿದ್ದಲೂ ಕೇಂದ್ರ ಕಚೇರಿಗೆ ಕಡತ ಹೋಗಬೇಕಾದರೆ ಯಾರೂ ತಿದ್ದುವುದಿಲ್ಲ, ಮತ್ತೆ ನಕಲು ಶುರು. ಒಂದೇ ಕಡೆ ಇರಬೇಕು ಎಂದರೆ ಒಬ್ಬರ ಕೈಯಲ್ಲಿರಬೇಕು ಎಂದಲ್ಲ. ಪರೀಕ್ಷೆಯ ದಿನಾಂಕಕ್ಕೆ ಪರೀಕ್ಷಾ ವಿಭಾಗ ಒಡೆಯ, ಶುಲ್ಕಕ್ಕೆ ಹಣಕಾಸು ವಿಭಾಗ, ಗ್ರಂಥಾಲಯದ ಸಮಯಕ್ಕೆ ಗ್ರಂಥಪಾಲಕರು. ಪ್ರತಿ ತುಣುಕಿನ ಪಕ್ಕದಲ್ಲಿ ಒಡೆಯನ ಹುದ್ದೆಯೂ ಕೊನೆಯ ಸಲ ನೋಡಿದ ದಿನವೂ ಇರಲಿ. ಸಾಫ್ಟ್‌ವೇರ್ ಕೊಳ್ಳಲು ಟೆಂಡರ್ ಕರೆಯುವ ಉತ್ಸಾಹ ಈ ಹುದ್ದೆಗಳ ಪಟ್ಟಿ ಮಾಡುವಾಗ ಕಾಣುವುದಿಲ್ಲ. ಎರಡರಲ್ಲಿ ಕಷ್ಟದ್ದು ಪಟ್ಟಿಯೇ.

ಒಡೆಯನಿಲ್ಲದ ವಾಕ್ಯ ಏನು ಮಾಡಬಲ್ಲದು ಎಂದು ಕೇಳಿದರೆ ಮೈಸೂರಿನ ಕಡೆ ನೋಡಬಹುದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ, 2013-14ರಿಂದಲೇ ಅನ್ವಯವಾಗುವಂತೆ, ಹಿಂತೆಗೆದುಕೊಂಡಿತು. ಮರಳಿ ಸಿಕ್ಕಿದ್ದು 2018ರಲ್ಲಿ. ‘ಯುಜಿಸಿ ಮಾನ್ಯತೆ ಪಡೆದ’ ಎಂಬ ಮೂರು ಪದ ದೂರಶಿಕ್ಷಣದ ಕೈಪಿಡಿ, ಕರಪತ್ರ, ಫಲಕ, ಪುಟಗಳಲ್ಲಿ ಎಲ್ಲೆಲ್ಲೂ ಕಾಣುವಂಥದ್ದು. ಅದು ನಿಜವೋ ಅಲ್ಲವೋ ಎಂಬುದರ ಮೇಲೆ ಒಬ್ಬ ಅಭ್ಯರ್ಥಿಯ ನೌಕರಿ ನಿಂತಿರುತ್ತದೆ. ಇಂಥ ಪದಗಳನ್ನು ಒಂದೇ ಏಟಿಗೆ ಎಲ್ಲ ಕಡೆಯಿಂದ ಬದಲಿಸುವ ಕೀಲಿ ವಿಶ್ವವಿದ್ಯಾಲಯದ ಕೈಯಲ್ಲಿರಲೇಬೇಕು.

ಆದರೆ ಆ ಕೀಲಿಯನ್ನು ಎಲ್ಲದಕ್ಕೂ ತಿರುವಬಾರದು. ಕಲಬುರಗಿ ಎಂದು ಊರು ಬದಲಾದರೂ ಗುಲ್ಬರ್ಗ ವಿಶ್ವವಿದ್ಯಾಲಯ ತನ್ನ ಹೆಸರನ್ನು ಉಳಿಸಿಕೊಂಡಿತು. ಮುಂಬಯಿ ಬಂದು ದಶಕಗಳಾದರೂ ಹೈಕೋರ್ಟು ಬಾಂಬೆಯದೇ. ಊರೂ ಸಂಸ್ಥೆಯೂ ಬೇರೆ ಬೇರೆ ತುಣುಕುಗಳು. ಒಂದನ್ನು ತಿದ್ದಿದಾಗ ಇನ್ನೊಂದು ತಾನಾಗಿ ಬದಲಾಗಬಾರದು. ಹಾಗೆಯೇ 2019ರ ಅಧಿಸೂಚನೆಯಲ್ಲಿ ಔರಂಗಾಬಾದ್ ಎಂದಿದ್ದರೆ ಅದು ಹಾಗೆಯೇ ಇರಬೇಕು. ಅಂದು ಸಹಿ ಹಾಕಿದವರು ಬರೆದದ್ದು ಅದನ್ನೇ. ದಾಖಲೆಗಳು ಮೂಲದಿಂದ ಎಳೆದುಕೊಳ್ಳುವ ಪುಟಗಳಾಗದೆ, ಹೊರಟ ದಿನದ ರೂಪದಲ್ಲೇ ದಿನಾಂಕ ಸಮೇತ ಬೇರೆ ಕಪಾಟಿನಲ್ಲಿರಲಿ. ಹಳೆಯ ಅಂಕಪಟ್ಟಿ ಹಿಡಿದು ಬಂದವರು ತಮ್ಮ ಹೆಸರಿನ ಪಕ್ಕದ ಊರನ್ನು ಅಲ್ಲಿ ಹುಡುಕಿದಾಗ ಸಿಗಬೇಕು.